38ಕ್ಕೆ ಕ್ಯಾಶುವಲ್ಟಿ ಡ್ಯೂಟಿ: ಸೇರಲೋ, ಬಿಡಲೋ?

ಬೆಟಗೇರಿ ಸಿಸ್ಟರ್

ಎಲ್ಲರಿಗೂ ನಮಸ್ಕಾರ್ರೀ. ನನಗೆ ಈಗ 38 ವರ್ಷ. ಮದುವೆಯಾದ ಮೇಲೆ ಮನೆಯಲ್ಲೇ ಹೊಲಿಗೆ ಕೆಲಸ ಮಾಡಿಕೊಂಡಿದ್ದೆ. ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ ಸೇರೋದಕ್ಕೆ 35 ವರ್ಷ ಮಿತಿ ಅಂತ ಗೊತ್ತಾಗಿ, ಅದು ದಾಟುವ ಮೊದಲೇ ಸೇರಿಕೊಂಡೆ. ಮೂರು ವರ್ಷ ಮುಗಿದು ಪಾಸಾಗಿದ್ದೇನೆ. ನರ್ಸಿಂಗ್ ಕೌನ್ಸಿಲ್ ರಿಜಿಸ್ಟ್ರೇಷನ್ ಕೂಡ ಆಗಿದೆ.

ಈಗ ಎರಡು ಕಡೆ ಕರೆದಿದ್ದಾರೆ. ಒಂದು ಗದಗಿನಲ್ಲೇ ಸಣ್ಣ ನರ್ಸಿಂಗ್ ಹೋಮ್, ಓಪಿಡಿ (ಹೊರರೋಗಿ ವಿಭಾಗ), ಬರೀ ಹಗಲು ಡ್ಯೂಟಿ. ಇನ್ನೊಂದು ಹುಬ್ಬಳ್ಳಿಯ ದೊಡ್ಡ ಖಾಸಗಿ ಆಸ್ಪತ್ರೆ, ಅಲ್ಲಿ ಕ್ಯಾಶುವಲ್ಟಿ, ಅಂದರೆ ತುರ್ತು ಚಿಕಿತ್ಸಾ ವಿಭಾಗ. ಟ್ರೇನಿಂಗ್ ಇದ್ದಾಗ ಎಲ್ಲಾ ವಾರ್ಡಿಗೂ ಹಾಕಿದ್ದರು. ನನಗೆ ಮನಸ್ಸು ನಿಂತದ್ದು ಕ್ಯಾಶುವಲ್ಟಿಯಲ್ಲಿ. ಅಲ್ಲಿ ಬಂದವರಿಗೆ ಕೂಡಲೇ ಏನಾದರೂ ಮಾಡಬಹುದು, ಮಾಡಿದ್ದು ಕಣ್ಣೆದುರೇ ಕಾಣುತ್ತದೆ.

ಮನೆಯಲ್ಲಿ ಮಾತ್ರ ಎಲ್ಲರೂ ಗದಗಿನದ್ದೇ ಒಳ್ಳೇದು ಅಂತಾರೆ. "ಈ ವಯಸ್ಸಿನಾಗ ಓಡಾಡಾಕ ಆಕ್ಕೈತೇನು?" ಅಂತ ಅತ್ತೆಯವರು ಕೇಳುತ್ತಾರೆ. ದೊಡ್ಡ ಮಗ ಒಂಬತ್ತನೇ ಕ್ಲಾಸು, ಸಣ್ಣವಳು ಆರನೇದು. ತಡವಾಗಿ ಈ ಕೆಲಸಕ್ಕೆ ಬಂದವರು ಯಾರಾದರೂ ಇದ್ದರೆ ಹೇಳಿ. ಮೊದಲ ವರ್ಷ ಹೇಗಿರುತ್ತದೆ? ನನಗಿಂತ ಹದಿನೈದು ವರ್ಷ ಚಿಕ್ಕವರ ಕೈಕೆಳಗೆ ಕೆಲಸ ಮಾಡಬೇಕಾಗುತ್ತದೆ. ಅದೂ ಒಂದು ಯೋಚನೆ.

ಮುಳಗುಂದ ಹುಡುಗಿ

ಸೇರಿ ಅಕ್ಕಾ. ಮನಸ್ಸು ಇರೋ ಕಡೆ ಹೋಗಬೇಕು.

ಬ್ರದರ್ ಹುಬ್ಬಳ್ಳಿ

ಅಕ್ಕಾರ, ನಾನು ಎಮರ್ಜೆನ್ಸಿಯಲ್ಲೇ ಇದ್ದೇನೆ. ಹೊರಗಿನವರು ಇದನ್ನು ಓಟದ ಕೆಲಸ ಅಂದುಕೊಳ್ಳುತ್ತಾರೆ. ಓಟ ಇದೆ, ಇಲ್ಲ ಅನ್ನೋದಿಲ್ಲ. ಆದರೆ ನಿಜವಾದ ಕೆಲಸ ಯಾರನ್ನು ಮೊದಲು ನೋಡಬೇಕು ಅನ್ನೋದು. ಅದಕ್ಕೇ ಟ್ರಯಾಜ್ ಅಂತ ಇರೋದು. ಕೆಂಪು ಅಂದರೆ ಈಗಲೇ, ಹಳದಿ ಅಂದರೆ ಸ್ವಲ್ಪ ತಡೆಯಬಹುದು, ಹಸಿರು ಅಂದರೆ ಕಾಯಬಹುದು, ಕಪ್ಪು ಅಂದರೆ ಜೀವ ಹೋಗಿದೆ. ಬಾಗಿಲಲ್ಲಿ ಹತ್ತು ಜನ ಒಟ್ಟಿಗೆ ಬಂದು, ಕಾಲು ಮುರಿದವನು ಜೋರಾಗಿ ಕೂಗುತ್ತಿರುತ್ತಾನೆ. ಮೂಲೆಯಲ್ಲಿ ಒಬ್ಬರು ಎದೆ ಹಿಡಿದುಕೊಂಡು, ಬೆವೆತು, ಸುಮ್ನೆ ಕೂತಿರುತ್ತಾರೆ. ಮೊದಲು ನೋಡಬೇಕಾದ್ದು ಸುಮ್ನೆ ಕೂತವರನ್ನು. ಎದೆನೋವು ಅಂತ ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು.

ಇದನ್ನು ಗುರುತಿಸೋದಕ್ಕೆ ಮನೆ ನಡೆಸಿದ, ಮಕ್ಕಳನ್ನು ಸಾಕಿದ, ಹಿರಿಯರನ್ನು ನೋಡಿಕೊಂಡ ಕಣ್ಣು ಬಹಳ ಕೆಲಸಕ್ಕೆ ಬರುತ್ತದೆ. ನಮ್ಮಲ್ಲಿ ನಿಮ್ಮ ಹಾಗೇ ತಡವಾಗಿ ಬಂದ ಒಬ್ಬ ಸಿಸ್ಟರ್ ಇದ್ದರು. ಎಣ್ಣಿ ಕುಡಿದ ಹುಡುಗ ಒಬ್ಬ ಬಂದಿದ್ದ. ಎಣ್ಣಿ ಅಂದರೆ ಹೊಲಕ್ಕೆ ಹೊಡಿಯೋ ಕೀಟನಾಶಕ, ನಮ್ಮ ಕಡೆಯವರಿಗೆ ಗೊತ್ತು. ಆ ವಿಷಕ್ಕೆ ಕೊಡೋ ಅಟ್ರೋಪಿನ್ ಔಷಧಿ ಕೊಟ್ಟು, ಬಾಯಲ್ಲಿ ಬರುತ್ತಿದ್ದ ನೊರೆ ನಿಂತು, ಹುಡುಗ ಮಾತಾಡುತ್ತಿದ್ದ. ಐಸಿಯುನಲ್ಲಿ ಬೆಡ್ ಇಲ್ಲದೆ ನಮ್ಮಲ್ಲೇ ಇಟ್ಟುಕೊಂಡಿದ್ದೆವು. ಮನೆಯವರು ಆರಾಮಾದ ಅಂತ ಊಟಕ್ಕೆ ಹೋದರು. ಈ ಸಿಸ್ಟರ್ ನೀರು ಕುಡಿಸಲು ಹೋದಾಗ ಹುಡುಗನಿಗೆ ದಿಂಬಿನಿಂದ ತಲೆ ಎತ್ತಲು ಆಗಲಿಲ್ಲ. ನೀರು ಅಲ್ಲೇ ಇಟ್ಟು ಡಾಕ್ಟರನ್ನು ಕರೆದರು. ಈ ವಿಷದಲ್ಲಿ ಒಂದರಿಂದ ನಾಲ್ಕು ದಿನದೊಳಗೆ ಕತ್ತಿನ ಸ್ನಾಯು ಸೋತು, ಆಮೇಲೆ ಉಸಿರಾಟವೇ ನಿಲ್ಲೋ ಹಂತ ಬರಬಹುದು. ಟ್ಯೂಬ್ ಹಾಕಿ ವೆಂಟಿಲೇಟರಿಗೆ ತೆಗೆದುಕೊಂಡರು. ಹುಡುಗ ಉಳಿದ. ಮಾನಿಟರ್‌ನಲ್ಲಿ ಆಗ ಎಲ್ಲಾ ನಂಬರ್ ಸರಿಯಾಗೇ ಇತ್ತು, ನೆನಪಿಡಿ.

ರಾತ್ರಿ ಪಾಳಿ

ಬ್ರದರ್ ಹೇಳಿದ್ದು ಖರೆ. ಆದರೆ ನಾನು ಪೂರ್ತಿ ಒಪ್ಪೋದಿಲ್ಲ. ಹೊಸಬರು ನೇರವಾಗಿ ಕ್ಯಾಶುವಲ್ಟಿಗೆ ಹೋಗಬಾರದು, ವಯಸ್ಸು 22 ಇರಲಿ, 38 ಇರಲಿ. ಮೊದಲು ಮೆಡಿಕಲ್ ವಾರ್ಡಿನಲ್ಲಿ ಆರು ತಿಂಗಳು ಕೆಲಸ ಮಾಡಬೇಕು. ವೇನ್ (ರಕ್ತನಾಳ) ಸಿಗದ ಮುದುಕರಿಗೆ ಡ್ರಿಪ್ ಕೊಡೋ ಕ್ಯಾನುಲಾ ಹಾಕೋದು, ಗಂಟಲಿನ ಕಫ ಎಳೆದು ತೆಗೆಯೋ ಸಕ್ಷನ್ ಮಾಡೋದು, ಡ್ರಿಪ್ ಲೆಕ್ಕ ಹಾಕೋದು, ಔಷಧಿ ಚಾರ್ಟ್ ಓದೋದು ಕೈಗೆ ಬರಬೇಕು. ಕೈ ಸರಾಗವಾದರೆ ಮಾತ್ರ ಕಣ್ಣು ರೋಗಿಯ ಕಡೆ ಇರುತ್ತದೆ. ಇಲ್ಲದಿದ್ದರೆ ಕಣ್ಣು ಸೂಜಿಯ ಮೇಲೇ ಇರುತ್ತದೆ.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಬಹಳ ವರ್ಷದಿಂದ ಇರೋಳು. ಹೊಸ ಹುಡುಗಿಯರು ಮೊದಲ ತಿಂಗಳೇ ಅತ್ತು ಬಿಟ್ಟುಹೋದದ್ದನ್ನು ನೋಡಿದ್ದೇನೆ. ಅವರಲ್ಲಿ ಬುದ್ಧಿ ಇರಲಿಲ್ಲ ಅಂತಲ್ಲ. ಕಲಿಸೋರು ಜೊತೆಗೆ ಇರಲಿಲ್ಲ.

ಬ್ರದರ್ ಹುಬ್ಬಳ್ಳಿ

ಕಲಿಸೋರು ಇದ್ದರೆ ನೇರವಾಗಿ ಬಂದರೂ ನಡೆಯುತ್ತದೆ ಅಲ್ವಾ ಅಕ್ಕಾ? ವಾರ್ಡಿನಲ್ಲಿ ಆರು ತಿಂಗಳು ಇದ್ದವರು ಆಮೇಲೆ ಅಲ್ಲಿಂದ ಏಳೋದೇ ಇಲ್ಲ. ಇನ್‌ಚಾರ್ಜ್ ಬಿಡೋದಿಲ್ಲ. 38ಕ್ಕೆ ಶುರು ಮಾಡಿದವರಿಗೆ ಆ ಆರು ತಿಂಗಳು ಎರಡು ವರ್ಷ ಆಗಿಬಿಡುತ್ತದೆ.

ರಾತ್ರಿ ಪಾಳಿ

ಹಾಗಾದರೆ ಕಲಿಸೋರು ಇದ್ದಾರಾ ಅಂತ ಬರವಣಿಗೆಯಲ್ಲಿ ಕೇಳಲಿ. ಬಾಯಿ ಮಾತು ನಂಬಬೇಡಿ.

ಧಾರವಾಡ ಟ್ಯೂಟರ್

ನಾನು ನರ್ಸಿಂಗ್ ಕಲಿಸುತ್ತೇನೆ. ಈ ಕ್ಷೇತ್ರದಲ್ಲೇ ಮುಂದುವರಿಯುವ ಮನಸ್ಸಿದ್ದರೆ ದಾರಿ ಇದೆ. ಒಂದು ವರ್ಷ ಕೆಲಸ ಮಾಡಿದ ಮೇಲೆ ಎಮರ್ಜೆನ್ಸಿ ಮತ್ತು ಡಿಸಾಸ್ಟರ್ ನರ್ಸಿಂಗ್‌ನಲ್ಲಿ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಮಾಡಬಹುದು. ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್‌ಸಿ ಇನ್ನೊಂದು ದಾರಿ. ಆದರೆ ಇವೆಲ್ಲ ಆಮೇಲಿನದ್ದು. ಸೇರುವ ಮೊದಲೇ ಬಿಎಲ್‌ಎಸ್, ಅಂದರೆ ಉಸಿರು, ಹೃದಯ ನಿಂತವರಿಗೆ ಕೂಡಲೇ ಮಾಡುವ ನೆರವಿನ ಟ್ರೇನಿಂಗ್ ಮಾಡಿಕೊಳ್ಳಿ, ಸರ್ಟಿಫಿಕೇಟ್ ಎರಡು ವರ್ಷ ನಡೆಯುತ್ತದೆ. ಅದರ ಮುಂದಿನ ಹಂತ ಎಸಿಎಲ್‌ಎಸ್ ಅನ್ನು ಕೆಲವು ಆಸ್ಪತ್ರೆಗಳು ತಾವೇ ಮಾಡಿಸುತ್ತವೆ, ಕೇಳಿ ನೋಡಿ.

ಶಕ್ತಿಯ ಬಗ್ಗೆ ಒಂದು ಮಾತು. ಹೃದಯ ನಿಂತಾಗ ಮಾಡುವ ಸಿಪಿಆರ್‌ನಲ್ಲಿ ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಎದೆ ಒತ್ತಬೇಕು. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು. ಈ ನಿಯಮ 22ರ ಹುಡುಗನಿಗೂ ಇದೆ, ಯಾಕಂದರೆ ಯಾರೇ ಆದರೂ ಅಷ್ಟರಲ್ಲಿ ಸುಸ್ತಾಗಿ ಒತ್ತು ಕಡಿಮೆಯಾಗುತ್ತದೆ. ತೋಳಿನಿಂದ ಒತ್ತಬೇಡಿ. ಮೊಣಕೈ ನೇರ ಇಟ್ಟು ಮೈ ಭಾರ ಬಿಡಿ. ಬೆಡ್ ಎತ್ತರ ಜಾಸ್ತಿ ಇದ್ದರೆ ಸ್ಟೂಲ್ ಕೇಳಿ ತೆಗೆದುಕೊಳ್ಳಿ, ಸಂಕೋಚ ಬೇಡ.

ಸಾಧನಕೇರಿ ಕಾಕಾ

ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ್ದು 1820ರಲ್ಲಿ, ಕ್ರಿಮಿಯಾ ಯುದ್ಧದ ಗಾಯಾಳುಗಳ ಸೇವೆಗೆ ಹೊರಟದ್ದು 1854ರಲ್ಲಿ. ಲೆಕ್ಕ ಹಾಕಿ, 34 ವರ್ಷ. ಆ ಕಾಲಕ್ಕೆ ಅದು ಸಣ್ಣ ವಯಸ್ಸಲ್ಲ. ಮನೆಯವರ ವಿರೋಧ ಅವರಿಗೂ ಇತ್ತು.

ನವನಗರ ಓದುಗ

ಕಾಕಾ, ಆಕೆಯದು ಶ್ರೀಮಂತರ ಮನೆ. ನಮ್ಮ ಅಕ್ಕಾರು ಬೆಳಗಿನ ರೊಟ್ಟಿ ಮಾಡಿ, ಡಬ್ಬಿ ಕಟ್ಟಿ, ಬಸ್ ಹಿಡಿದು ಹೋಗಬೇಕು. ಹೋಲಿಕೆ ಬೇಡ, ಮನೆಯ ವ್ಯವಸ್ಥೆ ಬಗ್ಗೆ ಮಾತಾಡೋಣ.

ನನ್ನ ಹೆಂಡತಿ ಸ್ಟಾಫ್ ನರ್ಸ್. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರ ಡ್ಯೂಟಿ ಮಾಡಿ ಬಂದವರಿಗೆ ಹಗಲು ನಿದ್ದೆ ಬೇಕೇ ಬೇಕು. ಮನೆಗೆ ಬಂದವರು "ಇನ್ನೂ ಮಲಗ್ಯಾಳೇನು?" ಅಂತ ಕೇಳುತ್ತಿದ್ದರು. ಆ ಮಾತು ನಿಲ್ಲಿಸಬೇಕಾದವನು ಗಂಡ. ಬಾಗಿಲಿಗೆ ದಪ್ಪ ಪರದೆ ಹಾಕಿಸಿದೆ, ಮಧ್ಯಾಹ್ನದ ಅಡುಗೆ ನಾನೂ ಅಮ್ಮನೂ ಹಂಚಿಕೊಂಡೆವು. ನಿಮ್ಮ ಯಜಮಾನರು ಈ ಥ್ರೆಡ್ ಓದಿದರೆ ಒಳ್ಳೆಯದು. ನಿದ್ದೆಗೆಟ್ಟವರ ಕೈಯಲ್ಲಿ ರೋಗಿಯ ಔಷಧಿ ಇರುತ್ತದೆ. ಹಗಲು ನಿದ್ದೆಯನ್ನು ಸೋಮಾರಿತನ ಅಂತ ನೋಡಬಾರದು.

ಮುಳಗುಂದ ಹುಡುಗಿ

ಅಣ್ಣಾರ, ಇದನ್ನು ನಮ್ಮ ಮನೆಯಲ್ಲೂ ಹೇಳಿ ದಯವಿಟ್ಟು!

ಹಾನಗಲ್ ರೈತ

ನಾನು ಆಸ್ಪತ್ರೆಯವನಲ್ಲ, ಗೋವಿನಜೋಳ ಬೆಳೆಯೋನು. ನಮ್ಮ ತಮ್ಮನಿಗೆ ಹೊಲದಲ್ಲಿ ಹಾವು ಕಡಿದಾಗ ರಾತ್ರಿ ಪಾಳಿಯಲ್ಲಿ ಇದ್ದ ಸಿಸ್ಟರ್ ಒಬ್ಬರು ಅವನ ಜೊತೆಗೇ ನಿಂತು ಉಳಿಸಿದರು. ವಯಸ್ಸಾದವರೇ ಇದ್ದರು. ಅವರು ಗದರಿಸಿದ್ದಕ್ಕೇ ನಾವು ನಾಟಿ ಔಷಧಿ ಬಿಟ್ಟು ಸುಮ್ಮನಾದೆವು. ನಮಗೆ ಇಂಥವರು ಬೇಕು. ಒಂದು ಕೇಳೋದಿತ್ತು, ಕಾಲಿಗೆ ಹಗ್ಗ ಕಟ್ಟಿಕೊಂಡು ಹೋಗಿದ್ದೆವು, ಅದು ಸರಿಯೋ ತಪ್ಪೋ?

ಬ್ಯಾಡಗಿ ಮೇಷ್ಟ್ರು

ಕಟ್ಟಬೇಕು. ವಿಷ ಮೇಲೆ ಏರಬಾರದಲ್ಲ.

ರಾತ್ರಿ ಪಾಳಿ

ಮೇಷ್ಟ್ರೇ, ತಪ್ಪು. ದಯವಿಟ್ಟು ಮಕ್ಕಳಿಗೆ ಹಾಗೆ ಹೇಳಿಕೊಡಬೇಡಿ. ಬಿಗಿಯಾಗಿ ಕಟ್ಟಿದರೆ ರಕ್ತ ಓಡಾಟ ನಿಂತು ಕಾಲೇ ಹಾಳಾಗುತ್ತದೆ. ಕೊಯ್ಯಬಾರದು, ಹೀರಬಾರದು. ಕಡಿದ ಕೈ ಕಾಲನ್ನು ಮೂಳೆ ಮುರಿದಾಗ ಮಾಡುವ ಹಾಗೆ ಪಟ್ಟಿ ಇಟ್ಟು ಅಲುಗಾಡದಂತೆ ಮಾಡಿ, ಉಂಗುರ, ಕಾಲುಂಗುರ, ಬಳೆ ತೆಗೆದು, ನಡೆಸದೆ ಆಸ್ಪತ್ರೆಗೆ ತನ್ನಿ. ಹಾವನ್ನು ಹುಡುಕಿ ಹೊಡೆದು ತರುವ ಕೆಲಸವೂ ಬೇಡ. ಅದರಲ್ಲಿ ಇನ್ನೊಬ್ಬರಿಗೆ ಕಡಿಯುತ್ತದೆ.

ಕಟ್ಟಿಕೊಂಡೇ ಬಂದಿದ್ದರೆ ನಾವು ಬಾಗಿಲಲ್ಲೇ ಥಟ್ಟನೆ ಬಿಚ್ಚೋದಿಲ್ಲ. ರಕ್ತನಾಳಕ್ಕೆ ಲೈನ್ ಹಾಕಿ, ಔಷಧಿ ಸಿದ್ಧ ಇಟ್ಟುಕೊಂಡು, ಡಾಕ್ಟರ್ ಎದುರಿಗೆ ಬಿಚ್ಚುತ್ತೇವೆ.

ಬ್ರದರ್ ಹುಬ್ಬಳ್ಳಿ

ಬೆಟಗೇರಿ ಅಕ್ಕಾ, ಇದು ನಿಮಗೂ ಬೇಕಾದ ವಿಷಯ. ಮಳೆಗಾಲದಲ್ಲಿ ನಮ್ಮ ಭಾಗದ ಕ್ಯಾಶುವಲ್ಟಿಗೆ ಹಾವಿನ ಕೇಸು ಬರುತ್ತಲೇ ಇರುತ್ತವೆ. ಒಣಗಿದ, ಶುಚಿಯಾದ ಗಾಜಿನ ಟ್ಯೂಬಿನಲ್ಲಿ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಡಬೇಕು. ಪ್ಲಾಸ್ಟಿಕ್ ಟ್ಯೂಬ್ ನಡೆಯೋದಿಲ್ಲ. ರಕ್ತ ಹೆಪ್ಪುಗಟ್ಟದೆ ನೀರಾಗೇ ಉಳಿದರೆ ಕೊಳಕುಮಂಡಲದಂಥ ಹಾವಿನ ವಿಷ ಅಂತ ಲೆಕ್ಕ. ಕಟ್ಟುಹಾವು ಕಡಿದರೆ ಗಾಯವೇ ಕಾಣದೆ ಇರಬಹುದು. ರಾತ್ರಿ ನೆಲದ ಮೇಲೆ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವು, ಗಂಟಲು ಬಿಗಿತ ಅಂತ ಬರುತ್ತಾರೆ. ಕಣ್ಣಿನ ರೆಪ್ಪೆ ಇಳಿಬಿದ್ದಿದೆಯಾ ನೋಡಬೇಕು. ಹಾವಿನ ವಿಷಕ್ಕೆ ಕೊಡುವ ಎಎಸ್‌ವಿ ಮಗುವಿಗೂ ದೊಡ್ಡವರಿಗೂ ಒಂದೇ ಪ್ರಮಾಣ, ಯಾಕಂದರೆ ಹಾವು ಇಬ್ಬರಿಗೂ ಬಿಡೋದು ಅಷ್ಟೇ ವಿಷ. ಕೊಡುವಾಗ ಅಲರ್ಜಿ ಆಗಬಹುದು, ಅದಕ್ಕೆ ಅಡ್ರಿನಲಿನ್ ಪಕ್ಕದಲ್ಲೇ ತುಂಬಿಟ್ಟಿರಬೇಕು. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತದ ಪ್ರತಿ ಕೇಸನ್ನೂ ಸರ್ಕಾರಕ್ಕೆ ವರದಿ ಮಾಡೋದು ಕಡ್ಡಾಯ. ಆ ಬರವಣಿಗೆಯೂ ನಮ್ಮ ಮೇಲೇ ಬೀಳುತ್ತದೆ.

ಬ್ಯಾಡಗಿ ಮೇಷ್ಟ್ರು

ತಿಳಿಯಿತು ಸಿಸ್ಟರ್. ಶಾಲೆಯಲ್ಲಿ ಸರಿಯಾಗಿ ಹೇಳುತ್ತೇನೆ.

ನಾಲ್ವತ್ತರ ಗೃಹಿಣಿ, ರಾಣೆಬೆನ್ನೂರು

ನನಗೆ 42. ಪಿಯುಸಿ ಆರ್ಟ್ಸ್. ನಾನೂ ಈಗ ನರ್ಸಿಂಗ್ ಸೇರಬಹುದಾ?

ಧಾರವಾಡ ಟ್ಯೂಟರ್

ಅಕ್ಕಾ, ಆರ್ಟ್ಸ್ ಆಗಿದ್ದರೂ ಜಿಎನ್‌ಎಂಗೆ ಅಡ್ಡಿಯಿಲ್ಲ. ಪಿಯುಸಿಯಲ್ಲಿ ಇಂಗ್ಲಿಷ್ ಇದ್ದು ಶೇ. 40 ಅಂಕ ಇರಬೇಕು. ಅಡ್ಡಿ ಬರೋದು ವಯಸ್ಸಿಗೆ. 35ರ ಮಿತಿಯಿಂದ ವಿನಾಯಿತಿ ಇರೋದು ಆಗಲೇ ಎಎನ್‌ಎಂ (ಸಹಾಯಕ ನರ್ಸ್ ಮತ್ತು ಸೂಲಗಿತ್ತಿ) ಆಗಿರುವವರಿಗೆ. ಯಾರಾದರೂ ದುಡ್ಡು ಕೊಟ್ಟರೆ ಸೀಟು ಕೊಡಿಸುತ್ತೇನೆ ಅಂದರೆ ಕೊಡಬೇಡಿ. ಕೌನ್ಸಿಲ್ ರಿಜಿಸ್ಟ್ರೇಷನ್ ಸಿಗದ ಕೋರ್ಸಿಗೆ ವರ್ಷಗಟ್ಟಲೆ ದುಡಿದ ಹಣ ಹಾಕಿ ಕೂತವರನ್ನು ನೋಡಿದ್ದೇನೆ. ನಿಮಗೆ ರೋಗಿಗಳ ಆರೈಕೆಯೇ ಬೇಕಿದ್ದರೆ ಜನರಲ್ ಡ್ಯೂಟಿ ಅಸಿಸ್ಟೆಂಟ್ ತರಬೇತಿ ಇದೆ. ಅದು ನರ್ಸ್ ಕೆಲಸ ಅಲ್ಲ, ಇಂಜೆಕ್ಷನ್ ಕೊಡುವಂತಿಲ್ಲ. ಆದರೆ ಗೌರವದ ಕೆಲಸವೇ.

ನಾಲ್ವತ್ತರ ಗೃಹಿಣಿ, ರಾಣೆಬೆನ್ನೂರು

ನೇರವಾಗಿ ಹೇಳಿದ್ದಕ್ಕೆ ಧನ್ಯವಾದ. ಬೇಜಾರಾಯಿತು, ಆದರೆ ಮೋಸ ಹೋಗೋದು ತಪ್ಪಿತು. ಒಬ್ಬರು ಆಗಲೇ ಅಡ್ವಾನ್ಸ್ ಕೇಳಿದ್ದರು.

ಬೆಟಗೇರಿ ಸಿಸ್ಟರ್

ಇಷ್ಟು ಜನ ಉತ್ತರ ಕೊಟ್ಟಿದ್ದೀರಿ, ಎಲ್ಲರಿಗೂ ಧನ್ಯವಾದ. ಒಂದೊಂದಾಗಿ ಓದುತ್ತಿದ್ದೇನೆ. ಸರ್ಕಾರಿ ಕೆಲಸದ ಬಗ್ಗೆಯೂ ಕೆಲವರು ಮೆಸೇಜ್ ಮಾಡಿದ್ದಾರೆ. ನನಗೆ ವಯಸ್ಸು ಮೀರಿದೆ ಅಲ್ವಾ?

ರಾತ್ರಿ ಪಾಳಿ

ರಾಜ್ಯ ಸರ್ಕಾರದ ನೇಮಕಾತಿಗೆ ಮಾಮೂಲಿ ಮಿತಿ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಕ್ಕೆ 38, ಪರಿಶಿಷ್ಟರಿಗೆ 40. ವಿಧವೆಯರಿಗೆ 10 ವರ್ಷ ಸಡಿಲಿಕೆ ಇರುತ್ತದೆ. ನಿಮ್ಮ ವರ್ಗ ನೋಡಿಕೊಳ್ಳಿ, ಅಧಿಸೂಚನೆ ಬಂದಾಗ ಅದನ್ನೇ ಓದಿ. ಅದಕ್ಕಾಗಿ ಕಾದು ಕೂರಬೇಡಿ. ಕೈಯಲ್ಲಿ ಅನುಭವ ಇದ್ದರೆ ಎಲ್ಲಿಯಾದರೂ ಬೇಕು.

ಗದಗ ಮಾಜಿ ಸ್ಟಾಫ್

ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ. ಒರಿಜಿನಲ್ ಮಾರ್ಕ್ಸ್ ಕಾರ್ಡ್, ರಿಜಿಸ್ಟ್ರೇಷನ್ ಸರ್ಟಿಫಿಕೇಟ್ ಯಾರಿಗೂ ಕೊಡಬೇಡಿ. ನಾನು ಕೆಲಸ ಮಾಡಿದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸೇರುವಾಗಲೇ ಇಸಿದುಕೊಂಡು ಲಾಕರ್‌ನಲ್ಲಿ ಇಟ್ಟರು. ಬಿಡುತ್ತೇನೆ ಅಂದಾಗ ಬಾಂಡ್ ಮುಗಿದಿಲ್ಲ, ಹಣ ಕಟ್ಟಿ ಅಂದರು. ಅಪ್ಪನನ್ನು ಕರೆದುಕೊಂಡು ಹೋಗಿ, ವಕೀಲರಿಂದ ಪತ್ರ ಬರೆಸಿ ವಾಪಸ್ ತೆಗೆದುಕೊಳ್ಳಬೇಕಾಯಿತು. ತೋರಿಸಿ, ಜೆರಾಕ್ಸ್ ಕೊಡಿ, ಅಷ್ಟೇ. ಅಲ್ಲಿ ಒಬ್ಬ ಹೊಸ ಸಿಸ್ಟರ್ ರಾತ್ರಿ ಇಡೀ ಕ್ಯಾಶುವಲ್ಟಿಗೆ ಒಬ್ಬರೇ ಇರುತ್ತಿದ್ದರು. ಅದು ರೋಗಿಗೂ ಅನ್ಯಾಯ, ಸಿಸ್ಟರಿಗೂ ಅನ್ಯಾಯ.

ಬ್ರದರ್ ಹುಬ್ಬಳ್ಳಿ

ನೂರಕ್ಕೆ ನೂರು ಸರಿ. ಅಕ್ಕಾ, ಇಂಟರ್‌ವ್ಯೂನಲ್ಲಿ ನೀವೂ ಪ್ರಶ್ನೆ ಕೇಳಿ. ರಾತ್ರಿ ಎಷ್ಟು ಜನ ಸ್ಟಾಫ್? ಮೊದಲ ಎಷ್ಟು ವಾರ ಹಿರಿಯರ ಜೊತೆ ಹಾಕುತ್ತೀರಿ? ಟ್ರಯಾಜ್‌ಗೆ ಒಬ್ಬರನ್ನು ಬೇರೆ ಇಡುತ್ತೀರಾ? ಸೆಕ್ಯುರಿಟಿ ಬಾಗಿಲಲ್ಲಿ ಇರುತ್ತಾರಾ, ಪಾರ್ಕಿಂಗ್‌ನಲ್ಲಾ? ಈ ಪ್ರಶ್ನೆಗೆ ಮುಖ ಸಿಂಡರಿಸಿದರೆ ಆ ಆಸ್ಪತ್ರೆ ಬೇಡ.

ಮುಳಗುಂದ ಹುಡುಗಿ

ಸೆಕ್ಯುರಿಟಿ ವಿಷಯ ನಿಜ. ನಮ್ಮಲ್ಲಿ ಅಪಘಾತದ ಕೇಸ್ ಒಂದಕ್ಕೆ ಮೂವತ್ತು ಜನ ಒಳಗೆ ನುಗ್ಗಿದ್ದರು. ಕೈ ಹಿಡಿದು ಎಳೆದರು.

ರಾತ್ರಿ ಪಾಳಿ

ಹೈವೇ ಪಕ್ಕದ ಊರುಗಳಲ್ಲಿ ಇದು ಇದ್ದದ್ದೇ. ವೈದ್ಯಕೀಯ ಸಿಬ್ಬಂದಿ ಮೇಲೆ ಹಲ್ಲೆ ತಡೆಯೋದಕ್ಕೆ ಕರ್ನಾಟಕದಲ್ಲಿ 2009ರಿಂದಲೇ ಕಾನೂನು ಇದೆ, ನರ್ಸ್‌ಗಳೂ ಅದರಲ್ಲಿ ಬರುತ್ತಾರೆ. ದೂರು ಕೊಡೋದು ಆಸ್ಪತ್ರೆಯ ಜವಾಬ್ದಾರಿ ಅಂತ ಪಟ್ಟು ಹಿಡಿಯಿರಿ.

ಆದರೆ ನನ್ನ ಅನುಭವ ಹೇಳುತ್ತೇನೆ. ಜಗಳ ಜಾಸ್ತಿ ಶುರುವಾಗೋದು ಯಾರೂ ಏನೂ ಹೇಳದೆ ಇದ್ದಾಗ. "ನಿಮ್ಮ ಪೇಷಂಟಿಗೆ ಬಿಪಿ ಕಡಿಮೆ ಇದೆ, ಎರಡು ಲೈನ್ ಹಾಕಿದ್ದೇವೆ, ಸ್ಕ್ಯಾನಿಂಗ್‌ಗೆ ಕಳಿಸುತ್ತೇವೆ, ಹತ್ತು ನಿಮಿಷದಲ್ಲಿ ಮತ್ತೆ ಬಂದು ಹೇಳುತ್ತೇನೆ" ಅಂತ ಗುಂಪಿನಲ್ಲಿ ಹಿರಿಯರೊಬ್ಬರನ್ನು ಹುಡುಕಿ ಹೇಳಬೇಕು. ಹೇಳಿದ ಹಾಗೆ ಹತ್ತು ನಿಮಿಷಕ್ಕೆ ಹೋಗಲೂ ಬೇಕು. ಇದನ್ನು 22ರ ಹುಡುಗಿ ಹೇಳಿದರೆ ಕೇಳೋದಿಲ್ಲ, 38ರ ಅಕ್ಕ ಹೇಳಿದರೆ ಕೇಳುತ್ತಾರೆ. ಹೀಗೆ ಆಗಬಾರದು, ಆದರೆ ನಮ್ಮ ಊರಲ್ಲಿ ಹೀಗೇ ಇದೆ. ನಿಮ್ಮ ವಯಸ್ಸನ್ನು ಅಲ್ಲಿ ಬಳಸಿ.

ಸಾಧನಕೇರಿ ಕಾಕಾ

ಅಪಘಾತದವರನ್ನು ಆಸ್ಪತ್ರೆಗೆ ತಂದವರಿಗೆ ಪೊಲೀಸರ ಕಾಟ ಇದೆಯಾ ಈಗಲೂ?

ಬ್ರದರ್ ಹುಬ್ಬಳ್ಳಿ

ಇಲ್ಲ ಕಾಕಾ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ ಅಂಥವರಿಗೆ ರಕ್ಷಣೆ ಇದೆ. ಹೆಸರು ಹೇಳು ಅಂತ ಒತ್ತಾಯ ಮಾಡುವಂತಿಲ್ಲ. ತಂದು ಬಿಟ್ಟು ಹೋಗಬಹುದು.

ಚಾಳೀಸು ಬಂದವಳು

ನಾನು 40ಕ್ಕೆ ಮತ್ತೆ ಡ್ಯೂಟಿಗೆ ಬಂದವಳು, ಅದಕ್ಕೇ ಹೇಳುತ್ತೇನೆ. ಮೊದಲು ಕಣ್ಣು ಪರೀಕ್ಷೆ ಮಾಡಿಸಿ. ಹತ್ತಿರದ ಅಕ್ಷರ ಮಂಜಾಗೋ ವಯಸ್ಸು ಇದು. ರಾತ್ರಿ ಮೂರು ಗಂಟೆಗೆ ಆಂಪ್ಯೂಲ್ ಮೇಲಿನ ಸಣ್ಣಕ್ಷರ ಓದಬೇಕು. ಪೊಟ್ಯಾಶಿಯಂ ಕ್ಲೋರೈಡ್ ಬೇರೆ ಔಷಧಿಯ ಜಾಗದಲ್ಲಿ ನೇರವಾಗಿ ರಕ್ತನಾಳಕ್ಕೆ ಹೋದರೆ ಹೃದಯ ನಿಲ್ಲುತ್ತದೆ. ಚಾಳೀಸು (ಓದೋ ಕನ್ನಡಕ) ಕೊರಳಿಗೇ ತೂಗಿಕೊಂಡಿರಲಿ. ಅಪಾಯದ ಔಷಧಿಯನ್ನು ಇನ್ನೊಬ್ಬರಿಗೆ ಜೋರಾಗಿ ಓದಿ ಹೇಳಿಯೇ ಕೊಡಿ.

ಮಂಡಿ, ಸೊಂಟ: ರೋಗಿಯನ್ನು ಒಬ್ಬರೇ ಎತ್ತಬೇಡಿ, ಬೆಡ್‌ಶೀಟ್ ಸಮೇತ ನಾಲ್ಕು ಜನ ಸೇರಿ ಸರಿಸಿ. ಕಾಲಲ್ಲಿ ನರ ಉಬ್ಬೋ ಲಕ್ಷಣ ಇದ್ದರೆ ಬಿಗಿ ಸ್ಟಾಕಿಂಗ್ಸ್ ಹಾಕಿ. ಚಪ್ಪಲಿ ಬೇಡವೇ ಬೇಡ, ಮುಂದೆ ಮುಚ್ಚಿದ ಶೂ ಬೇಕು.

ಬೆಟಗೇರಿ ಸಿಸ್ಟರ್

ಓಡಾಟ ಹೇಗೆ ಮಾಡೋದು ಅನ್ನೋದೇ ಈಗ ದೊಡ್ಡ ಪ್ರಶ್ನೆ. ಗದಗಿನಿಂದ ಹುಬ್ಬಳ್ಳಿಗೆ ಸುಮಾರು 60 ಕಿಲೋಮೀಟರ್. ಶಕ್ತಿ ಯೋಜನೆ ಇರೋದರಿಂದ ಬಸ್ಸಿಗೆ ದುಡ್ಡು ಬೇಡ. ಆದರೆ 12 ಗಂಟೆ ಡ್ಯೂಟಿ ಜೊತೆಗೆ ದಿನಾ ಓಡಾಟ? ಇನ್ನೊಂದು, ಸಾವು ನೋಡಿದರೆ ಹೇಗೆ ತಡೆದುಕೊಳ್ಳುತ್ತೀರಿ? ಟ್ರೇನಿಂಗ್‌ನಲ್ಲಿ ನೋಡಿದ್ದೇನೆ, ಆದರೆ ಆಗ ಜವಾಬ್ದಾರಿ ನನ್ನದಾಗಿರಲಿಲ್ಲ.

ನವನಗರ ಓದುಗ

ದಿನಾ ಓಡಾಡಬೇಡಿ. ಹಗಲು ಪಾಳಿಗೆ ಮಾತ್ರ ಹೋಗಿ ಬನ್ನಿ. ನೈಟ್ ಇದ್ದ ವಾರ ಹಾಸ್ಟೆಲಿನಲ್ಲಿ ಉಳಿಯೋ ವ್ಯವಸ್ಥೆ ಇದೆಯಾ ಅಂತ ಕೇಳಿ. ನೈಟ್ ಮುಗಿಸಿ ಬಸ್ಸಿನಲ್ಲಿ ಮಲಗಿ ಅಣ್ಣಿಗೇರಿ ದಾಟಿದ್ದೇ ಗೊತ್ತಾಗದವರು ಇದ್ದಾರೆ.

ರಾತ್ರಿ ಪಾಳಿ

ಸಾವಿನ ಬಗ್ಗೆ ಕೇಳಿದಿರಿ. ಅಭ್ಯಾಸ ಆಗುತ್ತದೆ ಅಂತ ನಿಮಗೆ ಯಾರಾದರೂ ಹೇಳಬಹುದು. ನನಗೆ ಆಗಿಲ್ಲ, ಆಗೋದೂ ಬೇಡ. ಕಲಿತದ್ದು ಏನಂದರೆ, ಆ ಹೊತ್ತಿನಲ್ಲಿ ಮಾಡೋದಕ್ಕೆ ಕೆಲಸ ಇರುತ್ತದೆ. ಟ್ಯೂಬ್ ತೆಗೆಯಬೇಕಾ, ಪೊಲೀಸ್ ಕೇಸಾದ್ದರಿಂದ ಹಾಗೇ ಬಿಡಬೇಕಾ ಅಂತ ಕೇಳಬೇಕು. ಬಟ್ಟೆ, ಒಡವೆಯನ್ನು ಸಾಕ್ಷಿ ಇಟ್ಟು ಬರೆದು ಒಪ್ಪಿಸಬೇಕು. ಮುಖ ಒರೆಸಬೇಕು, ಕಣ್ಣು ಮುಚ್ಚಬೇಕು. ತಾಯಿಯನ್ನು ಒಳಗೆ ಬಿಡುವ ಮೊದಲು ನೆಲದ ರಕ್ತ ತೆಗೆಸಬೇಕು. ಆ ತಾಯಿ ಜೀವನಪೂರ್ತಿ ನೆನಪಿಡೋದು ಆ ಕೋಣೆಯನ್ನೇ. ಇದನ್ನು ಚೆನ್ನಾಗಿ ಮಾಡಿದ ದಿನ ನನಗೆ ರಾತ್ರಿ ನಿದ್ದೆ ಬಂದಿದೆ. ಅವಸರದಲ್ಲಿ ಮಾಡಬೇಕಾಗಿ ಬಂದ ದಿನ ಬಂದಿಲ್ಲ.

ಡ್ಯೂಟಿ ಮುಗಿದ ಮೇಲೆ ಜೊತೆಗಿದ್ದವರ ಹತ್ತಿರ ಕೂತು ಮಾತಾಡಿ. ಮನೆಯವರ ಹತ್ತಿರ ಎಲ್ಲಾ ಹೇಳೋದಕ್ಕೆ ಆಗೋದಿಲ್ಲ. ಚಿಕ್ಕ ವಯಸ್ಸಿನ ಇನ್‌ಚಾರ್ಜ್ ಆದರೂ ಆ ಮಾತು ಅವರಿಗೆ ಅರ್ಥವಾಗುತ್ತದೆ. ನಿಮ್ಮ ಆ ಯೋಚನೆಗೂ ಇದೇ ಉತ್ತರ. ಅವರು ಚಿಕ್ಕವರು ಅನ್ನೋದು ಒಂದು ವಾರದಲ್ಲಿ ಮರೆತುಹೋಗುತ್ತದೆ.

ಧಾರವಾಡ ಟ್ಯೂಟರ್

ಈ ಮಾತನ್ನು ನನ್ನ ವಿದ್ಯಾರ್ಥಿಗಳಿಗೆ ಓದಿ ಹೇಳಲಾ ಸಿಸ್ಟರ್?

ರಾತ್ರಿ ಪಾಳಿ

ಹೇಳಿ. ಹೆಸರು ಬೇಡ.

ಬೆಟಗೇರಿ ಸಿಸ್ಟರ್

ಯಜಮಾನರಿಗೆ ಪೂರ್ತಿ ಓದಿಸಿದೆ. ಸೋಮವಾರ ಹುಬ್ಬಳ್ಳಿಗೆ ಹೋಗುತ್ತಿದ್ದೇನೆ, ಅವರೂ ಬರುತ್ತಾರೆ. ನೈಟ್ ಸ್ಟಾಫ್ ಎಷ್ಟು, ಹಿರಿಯರ ಜೊತೆ ಎಷ್ಟು ವಾರ, ಹಾಸ್ಟೆಲ್ ಇದೆಯಾ, ಇವನ್ನು ಕೇಳುತ್ತೇನೆ. ಒರಿಜಿನಲ್ ಕೊಡೋದಿಲ್ಲ. ಸರಿಯಾಗಿ ಉತ್ತರ ಕೊಟ್ಟರೆ ಕ್ಯಾಶುವಲ್ಟಿಗೇ ಸೇರುತ್ತೇನೆ. ಕೊಡದಿದ್ದರೆ ಹುಬ್ಬಳ್ಳಿಯಲ್ಲೇ ಬೇರೆ ಕಡೆ ನೋಡುತ್ತೇನೆ, ಓಪಿಡಿಗೆ ಹೋಗೋದಿಲ್ಲ. ಇನ್ನೇನಾದರೂ ಬಿಟ್ಟಿದ್ದೇನಾ?

ಚಾಳೀಸು ಬಂದವಳು

ಹೆಪಟೈಟಿಸ್ ಬಿ ಚುಚ್ಚುಮದ್ದು ಮೂರು ಡೋಸ್ ಆಗಿದೆಯಾ ನೋಡಿಕೊಳ್ಳಿ. ಆಗಿದ್ದರೆ ರಕ್ತದಲ್ಲಿ ರಕ್ಷಣೆ ಬಂದಿದೆಯಾ ಅಂತ ನೋಡೋ ಟೈಟರ್ ಪರೀಕ್ಷೆ ಮಾಡಿಸಿ, 10ಕ್ಕಿಂತ ಜಾಸ್ತಿ ಇರಬೇಕು. ಸೂಜಿ ಚುಚ್ಚಿಕೊಂಡರೆ ಯಾರಿಗೆ ಹೇಳಬೇಕು, ಎಚ್‌ಐವಿ ತಡೆ ಮಾತ್ರೆ ರಾತ್ರಿ ಹೊತ್ತು ಎಲ್ಲಿ ಸಿಗುತ್ತದೆ ಅಂತಲೂ ಅಲ್ಲಿ ಕೇಳಿ. 72 ಗಂಟೆಯೊಳಗೆ ಶುರು ಮಾಡಬೇಕು, ಬೇಗ ಆದಷ್ಟೂ ಒಳ್ಳೇದು.

ಬ್ರದರ್ ಹುಬ್ಬಳ್ಳಿ

ಸೇರಿದ ಮೊದಲ ದಿನ ಕ್ರ್ಯಾಶ್ ಕಾರ್ಟಿನ (ತುರ್ತು ಔಷಧಿ, ಸಾಮಾನು ಇಡೋ ಗಾಡಿ) ಪ್ರತಿ ಡ್ರಾಯರ್ ತೆರೆದು ಯಾವುದು ಎಲ್ಲಿದೆ ಅಂತ ನೋಡಿಬಿಡಿ. ಕೈಯಿಂದ ಒತ್ತಿ ಉಸಿರು ಕೊಡೋ ಅಂಬು ಬ್ಯಾಗ್, ಸಕ್ಷನ್, ಗಂಟಲೊಳಗೆ ನೋಡೋ ಲ್ಯಾರಿಂಗೋಸ್ಕೋಪಿನ ದೀಪ ಪ್ರತಿ ಪಾಳಿಯ ಶುರುವಿನಲ್ಲಿ ನೀವೇ ಕೈಯಾರೆ ಚೆಕ್ ಮಾಡಿ. ಹಿಂದಿನವರು ಸರಿ ಇದೆ ಅಂತ ಬರೆದಿದ್ದರೂ ಬಿಡಬೇಡಿ. ಸೋಮವಾರ ಏನಾಯಿತು ಅಂತ ಇಲ್ಲೇ ಬರೆಯಿರಿ ಅಕ್ಕಾ.